ಅಣ್ಣನ ನಂಬರಿಗೆ ಹೋದ ಓಟಿಪಿ

ಅಣ್ಣಾ,

ನನ್ನ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರ ನೋಡಿ ಬೈಯಬೇಡ, ಕಾಗುಣಿತವೂ ತಪ್ಪಿರುತ್ತದೆ.

ನಾವಿಬ್ಬರೂ ನಾಲ್ಕು ವರ್ಷ ಕಾದ ಆನ್‌ಲೈನ್ ಆಟ ಈ ಶುಕ್ರವಾರ ಬಿಡುಗಡೆಯಾಗುತ್ತದೆ. ಅದರಲ್ಲಿ ನೀನು ಮೊದಲೇ ಮಾಡಿಟ್ಟಿದ್ದ ಕತ್ತಿವೀರನ ಪಾತ್ರವನ್ನು ಉಳಿಸಿಕೊಳ್ಳಲು ನಿನ್ನೆ ಕೊನೆಯ ದಿನವಾಗಿತ್ತು. ಅದಕ್ಕೆ ಬೇಕಾದ ಓಟಿಪಿ ನಿನ್ನ ನಂಬರಿಗೇ ಹೋಯಿತು. "ಸತ್ತವರ ಸಿಮ್‌ಗೆ ಯಾಕಮ್ಮ ರೀಚಾರ್ಜು?" ಎಂದು ಅಮ್ಮನಿಗೆ ಹೇಳಿದವಳು ನಾನೇ. ಈಗ ಆ ನಂಬರ್ ಬೇರೆಯವರ ಪಾಲಾಗಿದೆ.

ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯ ಹಿಂದೆ ನಿಂತು ಆ ನಂಬರಿಗೆ ಫೋನ್ ಮಾಡಿದೆ. ಯಾರೋ ತಾತ ಎತ್ತಿದರು.

"ಓಟಿಪಿ ಹೇಳ್ಬೇಕಾ? ನನಗೇ ಟೋಪಿ ಹಾಕೋಕೆ ಬಂದ್ಯೇನಮ್ಮ?"

"ಇಲ್ಲ ತಾತ, ಇದು ನಮ್ಮಣ್ಣನ ನಂಬರು..."

"ಹಾಗಾದ್ರೆ ನಿಮ್ಮಣ್ಣನ್ನೇ ಕೇಳ್ಕೋ ಹೋಗು," ಎಂದು ಇಟ್ಟುಬಿಟ್ಟರು. ರಾತ್ರಿ ಗಡುವು ಮುಗಿದು ನಿನ್ನ ಕತ್ತಿವೀರ ಅಳಿಸಿಹೋದ.

ನಿನ್ನ ಬೆನ್ನ ಹಿಂದೆ ನಿಂತು ಗಾಯ ವಾಸಿಮಾಡಲೆಂದು ನಾನೂ ಆಟದಲ್ಲಿ ಒಬ್ಬ ವೈದ್ಯೆಯನ್ನು ಮಾಡಿಟ್ಟಿದ್ದೆನಲ್ಲ, ಇವತ್ತು ಬೆಳಿಗ್ಗೆ ಅವಳನ್ನೂ ಅಳಿಸಿಹಾಕಿದೆ.