ಎಡಗೈ ಎತ್ತಿ ಹಾಕಿದ ಮತ

ನನ್ನ ಕಾಕಾನಿಗೆ,

ಹೋದ ದೀಪಾವಳಿಗೆ ನೀನು ಧಾರವಾಡದಿಂದ ಫೋನ್ ಮಾಡಿದಾಗ ನಾನು ಈ ಪರದೇಶದ ಕ್ರಾನ್‌ಬರ್ನ್ ಸ್ಟೇಷನ್ನಿನಲ್ಲಿ ಟ್ರೇನಿಗೆ ಕಾಯುತ್ತಿದ್ದೆ. ಅಪ್ಪನ ಹಾಗೆ ನೀನು ಮಾರ್ಕ್ಸ್ ಎಷ್ಟು, ಚಳಿ ಎಷ್ಟು ಎಂದು ಕೇಳಲಿಲ್ಲ. “ಯಾವ ಸಂಘಕ್ಕ ಸೇರಿದಿ?” ಎಂದೆ. “ಯಾವುದೂ ಇಲ್ಲ ಕಾಕಾ. ಯೂನಿವರ್ಸಿಟಿಯೊಳಗ ಕನ್ನಡ ಕ್ಲಬ್ ಅಂತ ಒಂದ್ ಐತಿ. ಬರೇ ಡ್ಯಾನ್ಸು, ಬಿಸಿಬೇಳೆಬಾತು. ಅಲ್ಲೆ ನನಗೇನ್ ಕೆಲಸ?” ಎಂದೆ. ನೀನು ನಕ್ಕೆ. “ಊಟ ಇದ್ದಲ್ಲೆ ಮಂದಿ ಇರ್ತಾರ. ಮಂದಿನ ಇಲ್ಲದ ಕಡೆ ನಿಂತು ಯಾರಿಗೆ ಭಾಷಣ ಮಾಡಾಕಿ? ಮೊದಲ ಸೇರು.” ಅಷ್ಟರಲ್ಲಿ ಟ್ರೇನ್ ಬಂತು. ಆಮೇಲೆ ಮಾತಾಡೋಣ ಎಂದು ಇಟ್ಟೆ. ಆಮೇಲೆ ಬಂದ ಫೋನ್ ಅಪ್ಪನದು. ನಿನ್ನ ಹೃದಯ ನೀನು ಪಾಠ ಹೇಳುತ್ತಿದ್ದ ಶಾಲೆಯ ಸ್ಟಾಫ್ ರೂಮಿನಲ್ಲೇ ನಿಂತಿತ್ತಂತೆ. ನಮ್ಮ ಮಾತು ಹಾಗೆಯೇ...

ಫೆಬ್ರವರಿಯ ಓ-ವೀಕ್ ನಿನಗೆ ತೋರಿಸಬೇಕಿತ್ತು. ತರಗತಿ ಶುರುವಾಗುವ ಮುಂಚಿನ ಆ ವಾರ ಹುಲ್ಲುಹಾಸಿನ ತುಂಬ ಕ್ಲಬ್ಬುಗಳ ಮೇಜುಗಳು. ದೋಣಿ ಕ್ಲಬ್ಬಿನವರು ನಿಜವಾದ ದೋಣಿಯನ್ನೇ ಹುಲ್ಲಿನ ಮೇಲೆ ಎಳೆದು ತಂದಿದ್ದರು. ಸಮಾಜವಾದಿಗಳು, ಬೈಬಲ್ ಓದುವವರು, ಚೀಸ್ ತಿನ್ನುವವರು ಒಬ್ಬರ ಪಕ್ಕ ಒಬ್ಬರು ಕೂಗುತ್ತಿದ್ದರು. ನಾನು ಮೊದಲು ಸಮಾಜವಾದಿಗಳ ಬಳಿ ಹೆಸರು ಬರೆಸಿದೆ, ನಿನಗೆ ಆಶ್ಚರ್ಯವಾಗಲಾರದು. ಆಮೇಲೆ ನಿನ್ನ ಮಾತು ನೆನೆದು ಕನ್ನಡ ಕ್ಲಬ್ಬಿನ ಮೇಜಿಗೆ ಬಂದೆ. ಕ್ಲಬ್ಬಿನ ಅಧ್ಯಕ್ಷ ಪ್ರಶಾಂತ್, ಬೆಂಗಳೂರಿನವನು, ಎಂಬಿಎ ಓದುತ್ತಿದ್ದ. “ಡ್ಯಾನ್ಸ್ ಟೀಮಾ, ಫುಡ್ ಟೀಮಾ?” ಎಂದ. “ನಿಮ್ಮ ಕ್ಲಬ್ಬಿನ ಸಂವಿಧಾನ ನೋಡಬೇಕು” ಎಂದೆ. “ಯಾಕಮ್ಮಾ, ಬಂದ ದಿನಾನೇ ಕೋರ್ಟಿಗೆ ಎಳೀತೀಯಾ?” ಅವನ ಹಿಂದೆ ಕೂತಿದ್ದ ಹುಡುಗಿ ಜೋರಾಗಿ ನಕ್ಕಳು. “ಇದೆ ಕಣೇ ಅದು. ಮೈಕ್ರೋವೇವ್ ಅಲ್ಲಾಡುತ್ತೆ ಅಂತ ಅದರ ಕೆಳಗೆ ಇಟ್ಟಿದೀವಿ” ಎಂದಳು. ಅವಳು ನಾಜ್ನೀನ್. ಮೈಸೂರಿನವಳು, ನರ್ಸಿಂಗ್ ಓದುತ್ತಿದ್ದಳು. ಅವತ್ತಿನಿಂದ ನನ್ನ ಗೆಳತಿ.

ಆ ಮೈಕ್ರೋವೇವ್ ಇದ್ದ ಕ್ಲಬ್ಬಿನ ಕೋಣೆಯನ್ನು ಮೊದಲ ಸಲ ನೋಡಿದಾಗ ನಾನು ಮೂಗು ಮುರಿದಿದ್ದೆ. ಸ್ಟೂಡೆಂಟ್ ಯೂನಿಯನ್ ಕಟ್ಟಡದಲ್ಲಿ ಕಿಟಕಿಯಿಲ್ಲದ ಗೂಡು. ಒಂದು ಫ್ರಿಜ್, ಯಾರೋ ರಸ್ತೆ ಬದಿಗೆ ಬಿಟ್ಟಿದ್ದ ಸೋಫಾ. ಆದರೆ ವಾರ ಕಳೆಯುವುದರೊಳಗೆ ಅರ್ಥವಾಯಿತು. ಡಿಪಾರ್ಟ್‌ಮೆಂಟಿನ ಅಡುಗೆಕೋಣೆಯಲ್ಲಿ ಸಾಂಬಾರ್ ಬಿಸಿ ಮಾಡಿದರೆ ಯಾರೋ ಮಾತಾಡದೆ ಎದ್ದು ಹೋಗಿ ಕಿಟಕಿ ತೆಗೆಯುತ್ತಾರೆ. ಇಲ್ಲಿ ತೆಗೆಯಲು ಕಿಟಕಿಯೇ ಇರಲಿಲ್ಲ. ವೃದ್ಧಾಶ್ರಮದ ಬೆಳಗಿನ ಶಿಫ್ಟ್ ಮುಗಿಸಿ ಬಂದ ನಾಜ್ನೀನ್ ಆ ಸೋಫಾದ ಮೇಲೆ ಒರಗಿ, ಪ್ರಾಕ್ಟಿಕಲ್‌ಗೆ ಎದ್ದು ಓಡುತ್ತಿದ್ದಳು. ರೆಂಟ್ ಕಟ್ಟಲು ಪೆಟ್ರೋಲ್ ಬಂಕಿನಲ್ಲಿ ದುಡಿಯುವ ಹುಡುಗರು ಅನ್ನ ಬಿಸಿ ಮಾಡಿಕೊಂಡು, ಮನೆಯ ಮಾತು ಆಡಿಕೊಂಡು ಹೋಗುತ್ತಿದ್ದರು. ಊರಿನಲ್ಲಿ ಕಾರ್ಮಿಕರಿಗೆ ವಿಶ್ರಾಂತಿ ಕೋಣೆ ಬೇಕು ಎಂದು ನೀನು ಎಷ್ಟು ಕರಪತ್ರ ಬರೆದಿದ್ದೆ? ಇಲ್ಲಿ ಅದು ಹೆಸರಿಲ್ಲದೆ ನಡೆಯುತ್ತಿತ್ತು.

ಆ ಕೋಣೆ ಹೋಗಬಹುದು ಎಂದು ಗೊತ್ತಾದದ್ದು ಈಸ್ಟರ್ ರಜೆ ಮುಗಿದ ಮೇಲೆ. ವಿದ್ಯಾರ್ಥಿಗಳು ಯೂನಿಯನ್ ಫೀ ಕಟ್ಟುವುದು ಕಡ್ಡಾಯವಲ್ಲ ಎಂದು ಸರ್ಕಾರ ಕಾನೂನು ತಂದಿತ್ತು. ಯೂನಿಯನ್ನಿಗೆ ಹಣವಿಲ್ಲದಂತಾಗಿ ಅರ್ಧ ಕಟ್ಟಡವನ್ನೇ ಬಿಟ್ಟುಕೊಡುವ ಮಾತು ನಡೆದಿತ್ತು. ಕ್ಲಬ್ಬುಗಳ ಉಸ್ತುವಾರಿ ನೋಡುವ ಹೆಲೆನ್ ಎಂಬಾಕೆ ನಮ್ಮ ಕಮಿಟಿಯವರನ್ನು, ಅಷ್ಟರಲ್ಲಿ ಅದಕ್ಕೆ ಸೇರಿದ್ದ ನನ್ನನ್ನೂ, ಕರೆದು ಹೇಳಿದಳು. ಈ ಸೆಮಿಸ್ಟರ್ ಮುಗಿಯುವುದರೊಳಗೆ ನಿಯಮದ ಪ್ರಕಾರ ವಾರ್ಷಿಕ ಸಭೆ ನಡೆಸಿದ ಕ್ಲಬ್ಬುಗಳಿಗೆ ಮಾತ್ರ ಕೋಣೆ. ಕನಿಷ್ಠ ಮೂವತ್ತು ಸದಸ್ಯರು ಮೊದಲಿನಿಂದ ಕೊನೆಯವರೆಗೂ ಕೂತಿರಬೇಕು, ತಾನೇ ಬಂದು ಎಣಿಸುತ್ತೇನೆ ಎಂದಳು. ನಮ್ಮವರಿಗೆ ಇದು ಹೊಸದು. ಅಲ್ಲಿಯವರೆಗೆ ಯಾರದೋ ಮನೆಯಲ್ಲಿ ಟೀ ಕುಡಿಯುತ್ತ “ನೆಕ್ಸ್ಟ್ ಇಯರ್ ನೀನು ನೋಡ್ಕೊ ಮಗಾ” ಎಂದರೆ ಚುನಾವಣೆ ಮುಗಿಯುತ್ತಿತ್ತು. ಸಭೆಯ ವರದಿ ಆಮೇಲೆ ಹುಟ್ಟುತ್ತಿತ್ತು.

ನನ್ನ ಮೊದಲ ಕರಪತ್ರದ ಗತಿ ಕೇಳು. ರಾತ್ರಿಯೆಲ್ಲ ಕೂತು ಬರೆದೆ. ಶಿಕ್ಷಣದ ವ್ಯಾಪಾರೀಕರಣ, ವಲಸೆ ವಿದ್ಯಾರ್ಥಿಗಳ ಶೋಷಣೆ, ಸಂಘಟನೆಯ ಐತಿಹಾಸಿಕ ಅಗತ್ಯ, ಎಲ್ಲವೂ ಇತ್ತು. ನಿನ್ನ ಟ್ರಂಕಿನ ಕರಪತ್ರಗಳನ್ನು ಎಂಟನೇ ಕ್ಲಾಸಿನಿಂದ ಓದಿ ಬೆಳೆದವಳಲ್ಲವೇ? ಮರುದಿನ ಕೋಣೆಗೆ ಹೋದರೆ ಹುಡುಗರು ಅದರ ಮೇಲೆ ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ತಿನ್ನುತ್ತಿದ್ದರು. “ಪೇಪರ್ ಚೆನ್ನಾಗಿದೆ ಸವಿತಾ, ಎಣ್ಣೆ ಹೀರುತ್ತೆ” ಎಂದ ಒಬ್ಬ. ಸಭೆಯ ಗತಿಯೂ ಅದೇ ಆಯಿತು. ಸಂಜೆ ಐದಕ್ಕೆ ಸಭೆ, ಏಳಕ್ಕೆ ಊಟ ಎಂದು ನೋಟಿಸ್ ಹಾಕಿದ್ದೆವು. ಐದಕ್ಕೆ ಬಂದವರು ನಾವು ಕಮಿಟಿಯವರು ಮತ್ತು ಹೆಲೆನ್. ಏಳಾಗುತ್ತಿದ್ದಂತೆ ಜನವೋ ಜನ. ತಟ್ಟೆ ತುಂಬಿಸಿಕೊಂಡು ಒಬ್ಬರು ಹುಲ್ಲಿಗೆ, ಒಬ್ಬರು ಮೆಟ್ಟಿಲಿಗೆ, ಒಬ್ಬರು ಕಾರಿಗೆ. ಹೆಲೆನ್ ಅನ್ನ ಸಾರು ಉಂಡು, ಚೆನ್ನಾಗಿದೆ ಎಂದು ಹೇಳಿ, ಸಭೆ ನಡೆದಿಲ್ಲ ಎಂದು ಬರೆದುಕೊಂಡು ಹೋದಳು. ಇನ್ನೊಂದೇ ಅವಕಾಶ ಎಂದಳು.

ಪಾತ್ರೆ ತೊಳೆಯುವಾಗ ನಾಜ್ನೀನ್ ಸುಮ್ಮನೆ ತಮಾಷೆಗೆ ಅಂದಳು. “ಇವ್ರನ್ನ ಕೂರಿಸ್ಬೇಕು ಅಂದ್ರೆ ಪಂಕ್ತಿನೇ ಗತಿ ಕಣೇ. ಮದುವೆ ಮನೇಲಿ ಸಾಲು ಮುಗಿಯೋವರ್ಗೂ ಯಾರಾದ್ರೂ ಎದ್ದಿರೋದು ನೋಡಿದೀಯಾ?” ಅವಳಿಗೇ ಅದು ಉಪಾಯವೆಂದು ಹೊಳೆಯಿತು. ಪ್ರಶಾಂತ್ ಕುಣಿದಾಡಿದ. ನಾನು ಮಾತ್ರ ಆಗದು ಎಂದೆ. ಪಂಕ್ತಿ ಎಂದ ಕೂಡಲೇ ನನಗೆ ನೆನಪಾದದ್ದು ನೀನು ಓದುವಾಗಿನ ಹಾಸ್ಟೆಲ್. ನಮ್ಮ ಜಾತಿಯ ಹುಡುಗರಿಗೆ ಬಾಗಿಲ ಹೊರಗೆ, ಪಾತ್ರೆ ತೊಳೆಯುವ ಜಾಗದ ಪಕ್ಕ ಬೇರೆ ಸಾಲು. ಒಂದು ದಿನ ನೀನು ತಟ್ಟೆ ಎತ್ತಿಕೊಂಡು ಒಳಗಿನ ಸಾಲಿನ ನಡುವೆ ಹೋಗಿ ಕೂತೆ. ಅಕ್ಕಪಕ್ಕದವರು ಎದ್ದು ಹೋದರು. ನೀನು ಮಜ್ಜಿಗೆಯವರೆಗೂ ಉಂಡೇ ಎದ್ದೆ. ಮರುದಿನ ಮತ್ತೆ ಅಲ್ಲೇ ಕೂತೆ. ಈ ಕತೆಯನ್ನು ನೀನು ನನಗೆ ಹೇಳುವಾಗಲೆಲ್ಲ ನಾನು ಎದ್ದು ಹೋದವರನ್ನೇ ನೋಡುತ್ತಿದ್ದೆ. ನೀನು ಕೂತಿದ್ದು ಎಲ್ಲಿ ಎಂದು ನಾಜ್ನೀನ್‌ಗೆ ಈ ಕತೆ ಹೇಳುವಾಗ ಮೊದಲ ಸಲ ಕಂಡಿತು. ಹಾಸ್ಟೆಲಿನ ಸಾಲು ಬೇಡವೆಂದು ನೀನು ರೂಮಿಗೆ ಹೋಗಿ ಉಣ್ಣಲಿಲ್ಲವಲ್ಲ? “ಸರಿ, ಪಂಕ್ತಿ ಮಾಡೋಣ. ಆದ್ರ ಒಂದ ಸಾಲು” ಎಂದೆ.

ಎರಡು ದಿನದ ಮೇಲೆ ಪ್ರಶಾಂತ್ ಕಾಫಿಗೆ ಕರೆದ. ಅವನು ಬಿಲ್ ಕೊಡುತ್ತೇನೆ ಎಂದಾಗಲೇ ಏನೋ ಇದೆ ಅನ್ನಿಸಿತು. “ನೋಡು, ಊಟ ಪೂರ್ತಿ ವೆಜ್ಜೇ ಇರ್ಲಿ. ಆದ್ರೆ ಕೆಲವ್ರು ಸೆಪರೇಟ್ ಲೈನ್ ಕೇಳ್ತಿದಾರೆ. ಬಡಿಸೋಕೂ ಬೇರೆಯವ್ರು ಇದ್ರೆ ಒಳ್ಳೇದು ಅಂತ.”

“ಯಾರಿಗಿಂತ ಬೇರೆ?”

“ನಿನಗೆ ಗೊತ್ತಿಲ್ವಾ? ನಾಜ್ನೀನ್ ನನಗೂ ಫ್ರೆಂಡೇ. ಜಾತಿ ಗೀತಿ ಅಲ್ಲ ಇದು, ಬರೀ ಕಂಫರ್ಟು. ಅವ್ರು ಎದ್ದು ಹೋದ್ರೆ ಕೋರಂ ಹೋಗುತ್ತೆ. ಕೋರಂ ಹೋದ್ರೆ ರೂಮ್ ಹೋಗುತ್ತೆ. ಆಮೇಲೆ ನಿನ್ನ ಪ್ರಿನ್ಸಿಪಲ್ಸ್‌ನ ಎಲ್ಲಿ ಬಿಸಿ ಮಾಡ್ಕೊಂಡು ತಿಂತೀಯಾ?”

ಅವನು ಕೆಟ್ಟವನಲ್ಲ ಕಾಕಾ. ಅವನ ಲೆಕ್ಕ ತಪ್ಪೂ ಆಗಿರಲಿಲ್ಲ. ಅದಕ್ಕೇ ಭಯವಾಯಿತು. ನಾಜ್ನೀನ್ ಆ ಸೋಫಾ ಕಳೆದುಕೊಂಡರೆ ಅದು ನನ್ನ ಹಟದಿಂದ. ಬೇರೆ ಸಾಲು ಹಾಕಿದರೆ, ಅವಳನ್ನು ಅದೇ ಕೋಣೆಯ ಹೆಸರಿನಲ್ಲಿ ಬಾಗಿಲ ಹೊರಗೆ ಕೂರಿಸಿದ ಹಾಗೆ. ಅವಳನ್ನೇ ಕೇಳಿದೆ. ಅವಳು ಯೂನಿಫಾರ್ಮ್ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. “ಬೇರೆ ಲೈನ್ ಇದ್ರೆ ಆ ರೂಮಲ್ಲಿ ನಾನು ಮಲಗಲ್ಲ ಕಣೇ” ಎಂದಳು. ಅಷ್ಟೇ. ನನಗೆ ಬೇರೆ ಕರಪತ್ರ ಬೇಕಿರಲಿಲ್ಲ.

ಎರಡನೇ ನೋಟಿಸನ್ನು ನಾನು ಬೆಳಗಿನ ಟ್ರೇನಿನಲ್ಲಿ ಬರೆದೆ. “ಎಲೆ ಹಾಕಿದಾಗ ಸಭೆ ಶುರು. ಎಲ್ಲರಿಗೂ ಒಂದೇ ಸಾಲು. ಸಾಲಿನಿಂದ ಎದ್ದರೆ ಕೋಣೆ ಹೋಗುತ್ತದೆ.” ಇಷ್ಟೇ. ಇದರ ಮೇಲೆ ಯಾರೂ ಬಜ್ಜಿ ಇಡಲಿಲ್ಲ. ಡ್ಯಾಂಡಿನಾಂಗ್ ಮಾರ್ಕೆಟ್ಟಿನಿಂದ ಬಾಳೆಲೆ ತಂದೆವು. ಯೂನಿಯನ್ ಹಾಲಿನ ನೆಲಕ್ಕೆ ಉದ್ದಕ್ಕೂ ಕಾಗದದ ಸುರುಳಿ ಹಾಸಿದೆವು. ಗೋಡೆಯಿಂದ ಗೋಡೆಗೆ ಮುಟ್ಟಿ, ಮತ್ತೆ ತಿರುಗಿ ಬಂತು. ಬಾಗಿದ ಸಾಲು, ಆದರೆ ಒಂದೇ. ನಾಜ್ನೀನ್ ಸಾರಿನ ಬಕೆಟ್ ಹಿಡಿದು ಬಂದಳು. ಬಾಗಿಲಲ್ಲಿ ನಿಂತಿದ್ದ ಒಂದು ಗುಂಪು ಅವಳನ್ನು ನೋಡಿತು, ಎಲೆಗಳನ್ನು ನೋಡಿತು. “ನಮ್ಗೆ ಇನ್ನೊಂದು ಪ್ರೋಗ್ರಾಂ ಇದೆ” ಎಂದು ಪ್ರಶಾಂತನಿಗೆ ಹೇಳಿ ಹೊರಟಿತು. ಅವರಲ್ಲಿ ಅವನ ರೂಮ್‌ಮೇಟ್‌ಗಳೂ ಇದ್ದರು. “ಬಾರೋ” ಎಂದು ಕರೆದರು. ಬಾಗಿಲಲ್ಲೇ ನಿಂತಿದ್ದ ಪ್ರಶಾಂತನನ್ನು ಬಿಟ್ಟು, ಬಡಿಸುವವರನ್ನೂ ಸೇರಿಸಿ ಹೆಲೆನ್ ಎಣಿಸಿದಳು. ಒಬ್ಬರು ಕಡಿಮೆ.

ಆ ಕ್ಷಣ ಪ್ರಶಾಂತ್ ನನ್ನ ಮುಖ ನೋಡಿದ. ನಾನು ಬೇಡಿಕೊಳ್ಳಲಿಲ್ಲ. ನೀನಿದ್ದಿದ್ದರೆ ಬೇಡಿಕೊಳ್ಳುತ್ತಿದ್ದೆಯಾ? ಅವನು ಶೂ ಬಿಚ್ಚಿದ. “ನಿನ್ನ ಜೊತೆ ಜಗಳ ಮುಗೀಲಿಲ್ಲ, ಊಟ ಆದ್ಮೇಲೆ ಇದೆ” ಎಂದು ಗೊಣಗುತ್ತ ಕೊನೆಯ ಎಲೆಯ ಮುಂದೆ ಕೂತ. ನಾಜ್ನೀನ್ ಅವನ ಅನ್ನಕ್ಕೆ ಸಾರು ಬಿಟ್ಟಳು. ಒಂದು ತುತ್ತು ಉಂಡು “ಉಪ್ಪು ಕಮ್ಮಿ” ಎಂದ. “ಕಂಪ್ಲೇಂಟ್ ಇದ್ರೆ ಸಭೆ ಮುಂದೆ ಮೋಷನ್ ಮೂವ್ ಮಾಡಿ” ಎಂದಳು ಅವಳು. ಹಾಲೆಲ್ಲ ನಕ್ಕಿತು. ಹೆಲೆನ್ ಮತ್ತೆ ಎಣಿಸಿದಳು. ಸಭೆ ಶುರುವಾಯಿತು.

ಮತ ಹಾಕುವಾಗ ಹೊಸ ಸಮಸ್ಯೆ. ಕೈ ಎತ್ತಿ ಎಂದರೆ ಎಲ್ಲರ ಬಲಗೈ ಎಂಜಲು. ಪೆಟ್ರೋಲ್ ಬಂಕಿನ ಹುಡುಗ ಎಡಗೈ ಎತ್ತಲು ಹಿಂದೆಮುಂದೆ ನೋಡಿದ. “ಒಳ್ಳೆ ಕೆಲಸಕ್ಕೆ ಎಡಗೈ ಎತ್ತೋದಾ ಮೇಡಂ?” ಎಂದು ನನ್ನನ್ನು ಕೇಳಿದ. “ಬಲಗೈ ಎತ್ತಿದ್ರೆ ಪಕ್ಕದವನ ತಲೆ ಮೇಲೆ ಸಾರು ಸುರಿಯುತ್ತೆ, ಎತ್ತಯ್ಯ” ಎಂದ ಪ್ರಶಾಂತ್. ಒಂದೊಂದಾಗಿ ಎಡಗೈಗಳು ಎದ್ದವು. ಎಡಗೈ ಎಂದರೆ ವಿರೋಧವೇ ಎಂದು ಹೆಲೆನ್ ಗಾಬರಿಯಿಂದ ಕೇಳಿದಳು. ಅಲ್ಲ ಎಂದು ವಿವರಿಸಿದೆ. ಅವಳು ಅದನ್ನೂ ವರದಿಯಲ್ಲಿ ಬರೆದುಕೊಂಡಳು. ಕ್ಲಬ್ಬಿನ ಊಟದಲ್ಲಿ ಯಾರಿಗೂ ಬೇರೆ ಸಾಲು ಇಲ್ಲ, ಬಡಿಸುವವರು ಯಾರೆಂದು ಯಾರೂ ಕೇಳುವಂತಿಲ್ಲ ಎಂಬ ನಿಯಮ ಗೆದ್ದಿತು. ವಿರೋಧವಾಗಿಯೂ ಕೆಲವು ಕೈ ಎದ್ದವು. ಅವರೂ ಮಜ್ಜಿಗೆಯವರೆಗೂ ಏಳಲಿಲ್ಲ, ಅದನ್ನು ನಾನು ಮರೆಯುವುದಿಲ್ಲ. ಅಧ್ಯಕ್ಷ ಸ್ಥಾನಕ್ಕೆ ಕ್ಲಬ್ಬಿನ ಚರಿತ್ರೆಯಲ್ಲಿ ಮೊದಲ ಸಲ ಇಬ್ಬರು ನಿಂತರು. ಪ್ರಶಾಂತ್ ಸೋತ. ಗೆದ್ದ ನಾಜ್ನೀನ್ ಬಕೆಟ್ ಕೆಳಗಿಟ್ಟು ಧನ್ಯವಾದ ಹೇಳಿದಳು. ಕೋಣೆ ಉಳಿಯಿತು. ಎದ್ದು ಹೋದ ಗುಂಪು ತಮ್ಮದೇ ಬೇರೆ ಕ್ಲಬ್ ಮಾಡುವ ಮಾತಾಡುತ್ತಿದೆ. ಮಾಡಲಿ. ಅವರಿಗೂ ಹೆಲೆನ್ ಇದ್ದಾಳೆ, ಕೋರಂ ಇದೆ.

ನಿನಗೆ ತಲುಪದೇ ಹೋದ ಇನ್ನೊಂದು ಸುದ್ದಿ. ನನ್ನ ಡಿಗ್ರಿ ಮುಗಿಯಿತು. ಮಾಸ್ಟರ್ಸ್‌ಗೆ ಸಿಡ್ನಿಯಲ್ಲಿ ಸೀಟ್ ಸಿಕ್ಕಿದೆ. ಮ್ಯಾಕ್ವೆರಿ ಪಾರ್ಕಿನಲ್ಲಿ ಆಫೀಸು ಇರುವ, ಪರಿಚಯದ ಒಬ್ಬ ಕನ್ನಡದ ಅಂಕಲ್ ಮನೆಯಲ್ಲಿ ಸದ್ಯಕ್ಕೆ ಇದ್ದೇನೆ. ಮೊನ್ನೆ ಅವರು ನನ್ನ ಹೊಸ ಯೂನಿವರ್ಸಿಟಿಯ ಕನ್ನಡ ಕ್ಲಬ್ಬಿನವರ ಹೋದ ವರ್ಷದ ಗಣಪತಿ ಹಬ್ಬದ ಫೋಟೋ ತೋರಿಸಿದರು. ಹಾಲಿನಲ್ಲಿ ಊಟಕ್ಕೆ ಎರಡು ಸಾಲು. ನಡುವೆ ಒಂದು ಹೂಕುಂಡ. “ಇಲ್ಲಿ ಮೊದಲಿಂದ ಹಿಂಗೇ ನೋಡಮ್ಮಾ, ಯಾರೂ ತಲೆ ಕೆಡಿಸ್ಕೊಳ್ಳಲ್ಲ” ಎಂದರು ಅಂಕಲ್. ಈಗ ಕೆಡಿಸಿಕೊಳ್ಳುವವರು ಒಬ್ಬರು ಬಂದಿದ್ದಾರೆ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಹೇಳುವುದಕ್ಕೆ ಬೇರೆ ಜಾಗ ಇದೆ.

ಸೋಮವಾರದಿಂದ ಇಲ್ಲಿ ಜುಲೈ ಸೆಮಿಸ್ಟರಿನ ಓ-ವೀಕ್. ಆ ಕ್ಲಬ್ಬಿನ ಮೇಜಿನ ಮುಂದೆ ನಿಂತು ಸದಸ್ಯತ್ವ ತೆಗೆದುಕೊಳ್ಳುತ್ತೇನೆ, ಫುಡ್ ಟೀಮಿಗೇ ಸೇರುತ್ತೇನೆ. ಈ ವರ್ಷದ ಗಣಪತಿ ಹಬ್ಬದಲ್ಲಿ ಆ ಹೂಕುಂಡವನ್ನು ಎತ್ತಿ ಪಕ್ಕಕ್ಕಿಡುವವಳು ನಾನು ಕಾಕಾ. ಅದು ಇದ್ದ ಜಾಗದಲ್ಲಿ ಒಂದು ಎಲೆ ಹಾಕಿ ಕೂರುತ್ತೇನೆ.

ನಿನ್ನ
ಸವಿತಾ