ಕಪ್ಪು ಕುಪ್ಪಸ ತೊಟ್ಟು ಪರದೆಯ ಪಕ್ಕ ನಿಂತವಳು

ನನ್ನನ್ನು ರಂಗದ ಹಿಂದೆ ನಿಲ್ಲಿಸಿದ ಮಾಸ್ತರರೇ,

ನೀವು ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಬರೆಯಲಿಲ್ಲ. ನಿಮಗೆ ಹೇಳುವಂಥ ಸುದ್ದಿ ನನ್ನ ಬಳಿ ಇರಲಿಲ್ಲ. ಈಗ ಇದೆ. ಲಿಂಗಸುಗೂರಿನಲ್ಲಿ ನಮ್ಮ ನಾಟಕ ಕಂಪನಿಯ ತಗಡಿನ ಥೇಟರಿನ ಹಿಂಬದಿ, ಬಟ್ಟೆಯ ಟ್ರಂಕಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಗಿನ ಬಿಸಿಲು ಈಗಷ್ಟೇ ಒಳಗೆ ಬಂದಿದೆ.

ಸಿಂಧನೂರಿನ ನನ್ನ ಹೊಲಿಗೆ ಮಶೀನಿನ ಮುಂದೆ ನೀವು ಮೊದಲ ಸಲ ಬಂದು ನಿಂತದ್ದು ನೆನಪಿದೆಯೇ? ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಳೆಯುವ ಬೂಟು, ಜೇಬಿನಲ್ಲಿ ಎರಡು ಪೆನ್ನು. ಯಾವುದೋ ಬ್ಯಾಂಕಿನ ಸಾಹೇಬರೆಂದು ಎದ್ದು ನಿಂತೆ. ನೀವು ಚೀಲದಿಂದ ತೆಗೆದದ್ದು ತೋಳು ಹರಿದ ಒಬ್ಬ ರಾಜನ ಕೋಟು! "ನಾಟಕ ಕಂಪನಿ ಸ್ಟೇಜ್ ಮ್ಯಾನೇಜರ್ ಇದ್ದೀನವ್ವ," ಅಂದಿರಿ. "ಯಾರು ಯಾವಾಗ ರಂಗಕ್ಕ ಹೋಗಬೇಕು, ಯಾವ ಪರದಿ ಯಾವಾಗ ಏಳಬೇಕು, ಯಾರ ಕೈಯಾಗ ಕತ್ತಿ ಇರಬೇಕು, ಎಲ್ಲಾ ನೋಡ್ಕೊಳ್ಳಾಂವ ನಾ. ಮಂದಿಗೆ ಮಾತ್ರ ಕಾಣಬಾರದು."

"ಮಂದಿಗೆ ಕಾಣದವರಿಗೆ ಇಷ್ಟು ಇಸ್ತ್ರಿ ಯಾಕ್ರೀ?" ಎಂದು ನಾನು ಬಾಯಿತಪ್ಪಿ ಕೇಳಿಬಿಟ್ಟೆ.

ನೀವು ನಕ್ಕಿರಿ. "ಪಾತ್ರದವರಿಗೆ ಕಾಣ್ತೀನಲ್ಲ. ರಂಗಕ್ಕ ಹೋಗೂಕಿಂತ ಮೊದ್ಲು ಅವರು ನೋಡೂದು ನನ್ನ ಮಾರಿ. ನಾ ಗಲೀಜಾಗಿ, ಗಾಬರಿಬಿದ್ದು ನಿಂತ್ರ ಅವರಿಗೆ ಮಾತೆಲ್ಲಿ ನೆನಪಿರ್ತಾವ?"

ಆ ಕೋಟಿನ ಹಿಂದೆ ಇನ್ನೂ ಹತ್ತಾರು ಕೋಟು, ಸೀರೆ, ಕಿರೀಟದ ಪಟ್ಟಿ ಬಂದವು. ಪಾತ್ರಕ್ಕೊಂದರಂತೆ ಗಂಟು ಕಟ್ಟಿ, ಚೀಟಿ ಹಚ್ಚಿ, ಯಾವ ಸೀನಿಗೆ ಯಾವುದು ಎಂದು ಬರೆದು ಕೊಡುತ್ತಿದ್ದೆ. ಒಂದು ದಿನ ಆ ಚೀಟಿಗಳನ್ನೆಲ್ಲ ಒಂದೊಂದಾಗಿ ಓದಿದಿರಿ. "ಶಾಂತವ್ವ, ನೀ ಹೊಲಿಯಾಕ ಹುಟ್ಟಿದಾಕಿ ಅಲ್ಲ. ನಾಳಿಂದ ನನ್ನ ಬಾಜೂಕ ನಿಂದ್ರು," ಅಂದಿರಿ. ಅಕ್ಕಿ ಮಿಲ್ಲಿನಿಂದ ಬಂದ ನನ್ನ ಗಂಡ ಕೇಳಿ, "ಪಾತ್ರ ಮಾಡೂದಿಲ್ಲಲ್ಲ? ಹಂಗಾದ್ರ ಹೋಗು," ಎಂದ. ಕಂಪನಿಯ ಮಾಲಕರು ಮಾತ್ರ ಒಪ್ಪಲಿಲ್ಲ. "ಹೆಣ್ಮಗಳು ಹಗ್ಗ ಜಗ್ತಾಳೇನ್ರಿ?" ಎಂದರಂತೆ. ನೀವು ಏನು ಹೇಳಿ ಒಪ್ಪಿಸಿದಿರೋ, ನನಗೆ ಕೊನೆಗೂ ಹೇಳಲಿಲ್ಲ.

ಮಸ್ಕಿಯ ಸಂತೆಯ ದಿನ ಮಧ್ಯಾಹ್ನದ ಆಟ. ರಾಣಿ ಸಾಯುವ ದೃಶ್ಯ. ಸಂತೆ ಮುಗಿಸಿ ಬಂದ ಜನ ಉಸಿರು ಬಿಗಿಹಿಡಿದು ಕೂತಿದ್ದರು. ದಾಸಿಯ ಪಾತ್ರದವಳಿಗೆ ದೀಪ ಕೊಡಲು ನಾನು ಕೈ ಚಾಚಿದೆ, ಡಜನ್ ಗಾಜಿನ ಬಳೆ ಒಟ್ಟಿಗೆ ಝಲ್ಲೆಂದವು. "ರಾಣಿ ಎದ್ದು ಕುಂತ್ಲೋ!" ಎಂದು ಮುಂದಿನ ಸಾಲಿನವನೊಬ್ಬ ಕೂಗಿದ. ಥೇಟರೆಲ್ಲ ನಗೆ. ಆಟ ಮುಗಿದ ಮೇಲೆ ನೀವು ನನ್ನ ಮುಖ ನೋಡದೆ, "ನಾಳೆ ಬಳಿ ತಗದು ಬಾ," ಅಂದಿರಿ. ಮನೆಯಲ್ಲಿ ಅತ್ತೆಗೆ ಹೇಳಿದರೆ, "ಗಂಡ ಗಟ್ಟಿಮುಟ್ಟಾಗಿ ಇದ್ದಾನ, ಬರಿಗೈಲೆ ಅಡ್ಡಾಡ್ತೀಯೇನ?" ಎಂದು ಒಲೆಯ ಮುಂದಿನಿಂದ ಎದ್ದೇ ಬಂದರು. ಯಾರ ಮಾತು ಕೇಳಲಿ ನಾನು? ಗುರುವಿನದೋ, ಅತ್ತೆಯದೋ...

ಮರುದಿನ ಬೆಳಿಗ್ಗೆ ಎರಡೂ ಬಿಟ್ಟು ಕತ್ತರಿ ಹಿಡಿದೆ. ಕಪ್ಪು ಬಟ್ಟೆಯಲ್ಲಿ ಮಣಿಕಟ್ಟಿನವರೆಗೆ ಬಿಗಿಯಾದ ತೋಳಿನ ಕುಪ್ಪಸ ಹೊಲಿದೆ. ಬಳೆಗಳನ್ನು ಮೇಲಕ್ಕೆ ಸರಿಸಿ, ಮೆತ್ತನೆ ಬಟ್ಟೆ ಸುತ್ತಿ, ಅದರ ಮೇಲೆ ತೋಳು ಬಿಗಿದೆ. ಕಪ್ಪು ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಸೆರಗನ್ನು ಸೊಂಟಕ್ಕೆ ಸಿಗಿಸಿದೆ. ಸೊಂಟದ ಪಟ್ಟಿಗೆ ಎರಡು ಜೇಬು: ಒಂದರಲ್ಲಿ ಸೂಜಿ, ದಾರ, ಪಿನ್ನು, ಇನ್ನೊಂದರಲ್ಲಿ ಸೀಮೆಸುಣ್ಣ, ಬ್ಯಾಟರಿ. ನಿಮ್ಮೆದುರು ನಿಂತು ಎರಡೂ ಕೈ ಜೋರಾಗಿ ಝಾಡಿಸಿದೆ. ಸದ್ದಿಲ್ಲ. ನೀವು ಕನ್ನಡಕ ತೆಗೆದು ಒರೆಸಿಕೊಂಡಿರಿ. "ನಿನ್ನೆ ತಪ್ಪು ಮಾತಾಡಿದೆ ಶಾಂತವ್ವ. ಇಷ್ಟು ವರ್ಷ ಬರೇ ಗಂಡಸರ ಅಂಗಿ ನೋಡಿ ನೋಡಿ ನನಗ ಇದು ಹೊಳೀಲೇ ಇಲ್ಲ." ಶಿಷ್ಯೆಯ ಮುಂದೆ ತಪ್ಪು ಒಪ್ಪಿಕೊಂಡ ಗುರುವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ರಾಯಚೂರಿನ ಆಸ್ಪತ್ರೆಗೆ ನಿಮ್ಮನ್ನು ಬಸ್ಸು ಹತ್ತಿಸಿದ ದಿನ ಏನಾದರೂ ದೊಡ್ಡ ಮಾತು ಹೇಳುತ್ತೀರೆಂದು ಕಿಟಕಿಯ ಕೆಳಗೆ ಕಾದು ನಿಂತಿದ್ದೆ. "ಎರಡನೇ ಪರದಿ ಹಗ್ಗ ಸವದೈತಿ, ಬದಲಿ ಮಾಡಿಸು," ಅಂದಿರಿ, ಬಸ್ಸು ಹೊರಟಿತು. ಹಗ್ಗ ಬದಲಿಸಿದೆ. ನೀವು ಬರಲಿಲ್ಲ, ನಿಮ್ಮ ಸಾವಿನ ಸುದ್ದಿ ಬಂತು. ನಿಮ್ಮ ಜಾಗಕ್ಕೆ ಮಾಲಕರು ತಮ್ಮ ಅಳಿಯ ವಿರುಪಾಕ್ಷಿಯನ್ನು ತಂದರು. ನಾನು ಮತ್ತೆ ಹೊಲಿಗೆ ಮಶೀನಿಗೆ. ಆಗ ನಿಮ್ಮ ಮೇಲೆಯೇ ಸಿಟ್ಟು ಬಂದಿತ್ತು, ಮಾಸ್ತರ್. ಕೆಲಸ ಕಲಿಸಿದಿರಿ, ಅದು ನನ್ನದು ಎಂದು ನಾಲ್ಕು ಜನರ ಮುಂದೆ ಒಂದು ಮಾತು ಹೇಳಿ ಹೋಗಬಾರದಿತ್ತೇ?

ಹೋದ ವರ್ಷ ಮಳೆ ನಿಂತ ಮೇಲೆ, ಬಂಗಾಲಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನಿಂದ ಬಿಮಲಬಾಬು ಎಂಬ ಬಂಗಾಲಿ ಮೇಷ್ಟ್ರು ನನ್ನ ಅಂಗಡಿಗೆ ಬಂದರು. ದುರ್ಗಾಪೂಜೆಯ ಹಬ್ಬಕ್ಕೆ ತಮ್ಮವರು ನಾಟಕ ಆಡುತ್ತಾರೆ, ಹಿಂದೆ ನಿಂತು ನಡೆಸುವವರಿಲ್ಲ ಎಂದರು. "ಕರೀ ಕುಪ್ಪಸದ ಅಕ್ಕ ನೀವೇ ಅಲ್ಲೇನ್ರಿ? ಕಂಪನಿ ಪರದಿ ಹಿಂದ ನಿಮ್ಮ ಕೆಲಸ ನೋಡೀವಿ." ನನಗೆ ಬಂಗಾಲಿಯ ಒಂದಕ್ಷರವೂ ಬರುವುದಿಲ್ಲ ಎಂದೆ. "ನಮಗೂ ಮೊದಲು ಕನ್ನಡ ಬರತಿರಲಿಲ್ಲ," ಎಂದು ಅವರು ನಕ್ಕರು. ಹದಿನೈದು ದಿನ ಭತ್ತದ ಗದ್ದೆಗಳ ನಡುವೆ ಬಸ್ಸಿನಲ್ಲಿ ಹೋಗಿ ಬಂದೆ. ಅವರು ಅರ್ಥ ಹೇಳುತ್ತಿದ್ದರು. ಪ್ರತಿ ಮಾತಿನ ಕೊನೆಯ ಸದ್ದನ್ನು ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ.

ಆಟದ ಸಂಜೆ ತಂದೆಯ ಪಾತ್ರದವರು ಜನರನ್ನು ಕಂಡು ಕಂಗಾಲಾಗಿ ಎರಡು ಪುಟ ಹಾರಿಸಿಬಿಟ್ಟರು. "ಏಶೋ ಮಾ" ಎಂಬ ಸದ್ದು ನನ್ನ ಕಿವಿಗೆ ಬಿತ್ತು. "ಬಾ ಮಗಳೇ" ಎಂದರ್ಥ, ಅದು ಮಗಳು ಕಂದೀಲು ಹಿಡಿದು ಒಳಗೆ ಬರಬೇಕಾದ ಮಾತು! ಮಗಳ ಪಾತ್ರದವಳು ಬೆಂಚಿನ ಮೇಲೆ ಜಡೆ ಬಿಚ್ಚಿಕೊಂಡು ಕೂತಿದ್ದಳು. ರಟ್ಟೆ ಹಿಡಿದು ಎಬ್ಬಿಸಿ, ಜಡೆಯನ್ನು ಗಂಟು ಹಾಕಿ ಪಿನ್ನು ಚುಚ್ಚಿ, ಕಂದೀಲು ಕೈಗಿಟ್ಟು, "ನಡಿಯವ್ವ, ನಿಮ್ಮಪ್ಪ ಕರ್ಯಾಕತ್ತಾನ," ಎಂದು ಕನ್ನಡದಲ್ಲೇ ಹೇಳಿ ನೂಕಿದೆ. ಅವಳು ಹೋದಳು. ತಂದೆ ಅವಳ ತಲೆ ಸವರಿ ಅತ್ತರು. ನೋಡುತ್ತಿದ್ದ ಹೆಂಗಸರೂ ಅತ್ತರು. ಎರಡು ಪುಟ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಭಾಷೆ ತಿಳಿಯದ ನಾಟಕ ನಡೆಸುವ ಕೆಲಸ ನಿಮ್ಮ ಪಾಲಿಗೂ ಎಂದೂ ಬಂದಿರಲಿಲ್ಲ, ಅಲ್ಲವೇ?

ಆ ಸುದ್ದಿ ಸಿಂಧನೂರಿಗೆ ಬಂದು, ಬಜಾರೆಲ್ಲ ಸುತ್ತಿ, ಮಾಲಕರ ಕಿವಿಗೂ ಬಿತ್ತು. ಹೋದ ತಿಂಗಳು ಅವರೇ ಅಂಗಡಿಗೆ ಬಂದರು. "ಶಾಂತಮ್ಮ, ವಿರುಪಾಕ್ಷಿ ಕೈಲೆ ಆಗವಲ್ದು. ಕಾಡಿನ ಸೀನಿಗೆ ಅರಮನಿ ಪರದಿ ಇಳಿಸ್ಯಾನ. ಲಿಂಗಸುಗೂರಿಗೆ ಬಾ."

"ಬರ್ತೀನ್ರಿ. ಆದ್ರ ಪರದಿ ಹಿಂದ ನನ್ನ ಮಾತೇ ಕಡೀ ಮಾತು. ನಿಮಗೂ ಸೈತ."

"ಹೂಂ."

"ಹ್ಯಾಂಡ್‌ಬಿಲ್ಲಿನ್ಯಾಗ ಸ್ಟೇಜ್ ಮ್ಯಾನೇಜರ್ ಅಂತ ನನ್ನ ಹೆಸರು ಹಾಕ್ರಿ."

ಅವರು ಹುಬ್ಬೇರಿಸಿದರು. "ಅದನ್ನ ಯಾರು ಹಾಕ್ತಾರವ್ವ? ಮಾಸ್ತರ ಹೆಸರೇ ಹಾಕಿದ್ದಿಲ್ಲ ನಾವು."

"ಅದು ನಿಮ್ಮ ತಪ್ಪುರೀ," ಎಂದು ನಾನು ಮಶೀನು ತುಳಿಯತೊಡಗಿದೆ. ಅವರು "ಆತು," ಎಂದು ಹೋದರು.

ನಿನ್ನೆ ಇಲ್ಲಿ ಮೊದಲ ಆಟ, ಮಧ್ಯಾಹ್ನ. ಹ್ಯಾಂಡ್‌ಬಿಲ್ಲಿನ ಕೊನೆಯ ಸಾಲಿನಲ್ಲಿ ನನ್ನ ಹೆಸರಿದೆ, ಮಾಸ್ತರ್. ಗುಲಾಬಿ ಕಾಗದ, ಶಾಯಿ ಸ್ವಲ್ಪ ಹರಡಿದೆ, ಓದಲು ಬರುತ್ತದೆ. ಆಟ ಮುಗಿದ ಮೇಲೆ ಊರಿನ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ಹಿಂದಕ್ಕೆ ಬಂದಳು. ಮಗಳು ಆ ಕಾಗದವನ್ನು ಓದಿ ಹೇಳಿದ್ದಳಂತೆ. "ಎಲ್ಲಾರ ಪಾತ್ರ ಗೊತ್ತಾತು. ಈ ಶಾಂತಾ ಅನ್ನಾಕೀದು ಯಾವ ಪಾತ್ರ?" ಎಂದು ಕೇಳಿದಳು.

"ಪಾತ್ರ ಅಲ್ಲವ್ವ," ಎಂದೆ. "ಅಕಿ ನಾಟಕ ನಡಸಾಕಿ."