ಒಂದೂ ಚಿಟ್ಟೆ ಬಾರದ ಹುಲ್ಲುಗಾವಲು

ಜುಲೈ 9, ಗುರುವಾರ

ಇವತ್ತೂ ಒಂದೂ ಚಿಟ್ಟೆಯಿಲ್ಲ. ಮೆಕ್ಕೆಜೋಳದ ಹೊಲವನ್ನು ಮತ್ತೆ ಹುಲ್ಲುಗಾವಲು ಮಾಡಲು ಹನ್ನೊಂದು ವರ್ಷ ದುಡಿದೆವು. ಹೋದ ಬೇಸಿಗೆಯಲ್ಲಿ ಏಳು ಕೇಸರಿ ಚಿಟ್ಟೆಗಳು ತಾವಾಗಿ ಬಂದಿದ್ದವು.

ಏಪ್ರಿಲ್‌ನಲ್ಲಿ ಕಳೆ ಸುಡುವಾಗ ನನ್ನ ಗಂಡ ವರ್ಲಿನ್ ಬೇಡಿಕೊಂಡಿದ್ದ: "ಅರ್ಧ ಬಿಡೇ, ಅವುಗಳ ಮರಿಹುಳ ಒಣಹುಲ್ಲಿನ ಬುಡದಲ್ಲೇ ಮಲಗಿರ್ತಾವೆ." ಗಾಳಿ ಅನುಕೂಲವಾಗಿದೆಯೆಂದು ನಾನೇ ಪೂರ್ತಿ ಸುಟ್ಟೆ.

ಸಂಜೆ ಚಿಟ್ಟೆ ಹಿಡಿಯುವ ಬಲೆ ಹಿಡಿದು ಅಳುತ್ತ ನಿಂತಿದ್ದೆ.

"ಮುಂದಿನ ವರ್ಷ ಬರ್ತಾವೆ ಬಿಡು," ಅಂದ ವರ್ಲಿನ್.

"ಎಲ್ಲಿಂದ ಬರ್ತಾವೋ? ಸುತ್ತ ಇಡೀ ಅಯೋವಾ ರಾಜ್ಯಾನೇ ಮೆಕ್ಕೆಜೋಳ!"

ಅವನು ಬಲೆ ಇಸಿದುಕೊಂಡು, ನೋಯುವ ಮೊಣಕಾಲಲ್ಲೇ ಕುಂಟುತ್ತ, ನಾನು ನೋಡದೆ ಬಿಟ್ಟಿದ್ದ ಮೂಲೆಗೆ ಹೋದ. ಮರಳಿ ಬಂದು, ಖಾಲಿ ಬಲೆಯನ್ನು ಮೊಳೆಗೆ ತೂಗುಹಾಕಿದ.

"ನಾನು ಹೇಳಿರಲಿಲ್ವಾ" ಎಂದು ಒಮ್ಮೆಯಾದರೂ ಬೈಯಬಾರದೇ, ಈ ಮನುಷ್ಯ!